ಹುಳುವಿನ ತೊಗಲು, ನಮ್ಮ ತೊಗಲು

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನಲ್ಲಿ ಅಚ್ಚುಕಟ್ಟಾಗಿ ನಡೆಸುವ ರೇಷ್ಮೆ ಹುಳುಮನೆಗೆ ಹೋದರೆ ಹೊಸ್ತಿಲ ಮುಂದೆಯೇ ಸುಣ್ಣ, ಬ್ಲೀಚಿಂಗ್ ಪುಡಿ ಹರಡಿರುತ್ತದೆ. ಚಪ್ಪಲಿ ಹೊರಗೇ ಬಿಡಬೇಕು. ಪುಡಿ ತುಳಿದು ಒಳಗೆ ಕಾಲಿಡಬೇಕು. ಕೈ ತೊಳೆಯದೆ ಸೊಪ್ಪು ಮುಟ್ಟುವ ಹಾಗಿಲ್ಲ. ಹುಳುವಿಗೆ ಕಾಯಿಲೆ ಬಂದ ಮನೆಯವರನ್ನು ಇನ್ನೊಂದು ಹುಳುಮನೆಗೆ ಬಿಟ್ಟುಕೊಳ್ಳುವುದಿಲ್ಲ, ಅವರೂ ಅದನ್ನು ಅವಮಾನ ಎಂದುಕೊಳ್ಳುವುದಿಲ್ಲ. ಕಿಟಕಿಗಳಿಗೆಲ್ಲ ನೈಲಾನ್ ಪರದೆ. ಬೆಳೆ ಮುಗಿದ ಮೇಲೆ ಮನೆ, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲವನ್ನೂ ತೊಳೆದು, ಔಷಧಿ ಹೊಡೆದು, ಬಿಸಿಲಿಗೆ ಒಣಗಿಸುತ್ತಾರೆ. ಶಿಡ್ಲಘಟ್ಟ, ಚಿಂತಾಮಣಿ ಸೀಮೆಯ ರೈತನಿಗೆ ರೋಗಾಣು ಎನ್ನುವುದು ಪಾಠದ ಮಾತಲ್ಲ. ಒಂದು ವಾರ ಮೈಮರೆತರೆ ತಿಂಗಳ ದುಡಿಮೆ ತಿಪ್ಪೆಗೆ ಹೋಗುತ್ತದೆ ಎಂಬುದನ್ನು ಅವನು ಅನುಭವಿಸಿ ತಿಳಿದವನು.

ಇಷ್ಟೆಲ್ಲ ತಿಳಿದ ಮನೆಯಲ್ಲೇ ಸೊಪ್ಪು ಕೊಯ್ಯುವಾಗ ಕುಡುಗೋಲು ತಗುಲಿದ ಬೆರಳಿಗೆ ಕಾಫಿಪುಡಿ ಮೆತ್ತುತ್ತಾರೆ. ಹಿಮ್ಮಡಿ ಬಿರಿದು ರಕ್ತ ಒಸರುತ್ತಿದ್ದರೂ ಬರಿಗಾಲಲ್ಲೇ ಕೊಟ್ಟಿಗೆ ಗೊಬ್ಬರ ತುಳಿಯುತ್ತಾರೆ. ತೊಡೆಸಂದಿಯ ಹುಳುಕಡ್ಡಿಗೆ ಅಂಗಡಿಯವರು ಕೊಟ್ಟ ಟ್ಯೂಬನ್ನು ತಿಂಗಳುಗಟ್ಟಲೆ ಹಚ್ಚುತ್ತಾರೆ. ಹುಳುವಿನ ಮೈಗೆ ಕೊಡುವ ಗಮನದಲ್ಲಿ ಕಾಲುಭಾಗವನ್ನಾದರೂ ನಮ್ಮ ಜನ ತಮ್ಮ ಮೈಗೆ ಕೊಡಲಿ ಎಂಬುದು ನನ್ನ ಬಹಳ ದಿನದ ಆಸೆ. ಇದರಲ್ಲಿ ಹೊಸದಾಗಿ ಕಲಿಯಬೇಕಾದದ್ದೂ ಹೆಚ್ಚಿಲ್ಲ. ರೋಗಾಣು ಒಳನುಗ್ಗದಂತೆ ತಡೆಯಲು ಹುಳುವಿನ ಮೈಯಲ್ಲಿ ಏನೇನು ಏರ್ಪಾಡು ಇದೆಯೋ ನಮ್ಮ ಮೈಯಲ್ಲೂ ಅಂಥವೇ ಇವೆ. ಒಂದನ್ನು ಬಲ್ಲವರಿಗೆ ಇನ್ನೊಂದು ಅರ್ಥವಾಗುವುದು ಕಷ್ಟವಲ್ಲ.

ಹಾಗೆ ನೋಡಿದರೆ ರೋಗಾಣುವಿನ ವಿಜ್ಞಾನ ಹುಟ್ಟಿದ್ದೇ ಹುಳುಮನೆಯಲ್ಲಿ. ಇಟಲಿಯ ಲೋಡಿ ಪ್ರಾಂತದ ಆಗೊಸ್ಟಿನೊ ಬಾಸಿ ಎಂಬಾತ 1807ರಲ್ಲಿ ರೇಷ್ಮೆಹುಳುವಿನ ಒಂದು ಕಾಯಿಲೆಯ ಬೆನ್ನು ಹತ್ತಿದ. ಸತ್ತ ಹುಳು ಕೊಳೆಯುವುದಿಲ್ಲ, ಗಟ್ಟಿಯಾಗಿ, ಸುಣ್ಣದ ಕಡ್ಡಿಯಂತೆ ಬೆಳ್ಳಗಾಗುತ್ತದೆ. ನಮ್ಮವರು ಸುಣ್ಣಕಟ್ಟು ರೋಗ ಎನ್ನುವುದು ಇದನ್ನೇ. ಹವೆ ಕೆಟ್ಟದ್ದು, ಸೊಪ್ಪು ಕೆಟ್ಟದ್ದು ಎಂದು ಎಲ್ಲರೂ ಹೇಳುತ್ತಿದ್ದ ಕಾಲವದು. ಬಾಸಿ ಕಾಲು ಶತಮಾನ ದುಡಿದ, ಕಣ್ಣಿನ ದೃಷ್ಟಿ ಕುಂದುತ್ತಿದ್ದರೂ ಬಿಡಲಿಲ್ಲ. ಸತ್ತ ಹುಳುವಿನ ಮೈಮೇಲಿನ ಆ ಬಿಳಿಪುಡಿ ಒಂದು ಶಿಲೀಂಧ್ರ, ಅದು ಒಂದು ಹುಳುವಿನಿಂದ ಇನ್ನೊಂದಕ್ಕೆ ದಾಟಿ ಕಾಯಿಲೆ ತರುತ್ತದೆ ಎಂದು 1835ರಲ್ಲಿ ಪ್ರಕಟಿಸಿದ. ಪ್ರಾಣಿಯೊಂದರ ಕಾಯಿಲೆಗೆ ಕಣ್ಣಿಗೆ ಕಾಣದ ಜೀವಿಯೇ ಕಾರಣ ಎಂದು ಪ್ರಯೋಗದಿಂದ ತೋರಿಸಿದ್ದು ಅದೇ ಮೊದಲು. ರಾಬರ್ಟ್ ಕಾಕ್ ಆಂಥ್ರಾಕ್ಸ್ ರೋಗದ ಬ್ಯಾಕ್ಟೀರಿಯಾವನ್ನು ಸಾಬೀತು ಮಾಡಿದ್ದು ಅಲ್ಲಿಂದ ನಾಲ್ಕು ದಶಕದ ಮೇಲೆ, 1876ರಲ್ಲಿ. ಆ ಶಿಲೀಂಧ್ರಕ್ಕೆ ಈಗ ಬ್ಯೂವೇರಿಯಾ ಬಾಸಿಯಾನಾ ಎಂದು ಬಾಸಿಯ ಹೆಸರೇ ಇದೆ.

ಅನಂತರ ಲೂಯಿ ಪಾಶ್ಚರ್ ಬಂದರು. ರೇಷ್ಮೆಹುಳುವಿನ ಕಾಯಿಲೆ ಪರಿಶೀಲಿಸಲು 1865ರಲ್ಲಿ ಫ್ರಾನ್ಸಿನ ದಕ್ಷಿಣದ ಆಲೆಸ್ ಊರಿಗೆ ಹೋದಾಗ ಅವರು ರೇಷ್ಮೆಹುಳು ಸಾಕಿದವರೇ ಅಲ್ಲ. 1868ರಲ್ಲಿ ಪಾರ್ಶ್ವವಾಯು ಹೊಡೆದು ಎಡಭಾಗ ಸ್ವಾಧೀನ ತಪ್ಪಿದರೂ ಕೆಲಸ ನಿಲ್ಲಿಸಲಿಲ್ಲ. ಹುಳುವಿನ ಗಂಟು ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಯ ಮೂಲಕವೇ ಮರಿಗೆ ಬರುತ್ತದೆ, ಆದ್ದರಿಂದ ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಅದರ ಮೊಟ್ಟೆಯನ್ನೇ ನಾಶ ಮಾಡಬೇಕು ಎಂದರು. ಇವತ್ತು ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ನಡೆಯುವ ತಾಯಿಚಿಟ್ಟೆ ಪರೀಕ್ಷೆ ಅದೇ. ಮೇಲೂರಿಗೆ ಬರುವ ರೋಗರಹಿತ ಮೊಟ್ಟೆಯ ಹಿಂದೆ ಪಾಶ್ಚರ್ ಇದ್ದಾರೆ. ಮನುಷ್ಯರ ಕಾಯಿಲೆಗಳ ಕಡೆಗೆ ಅವರು ತಿರುಗಿದ್ದು ಇದಾದ ಮೇಲೆ.

ಇನ್ನು ತೊಗಲಿನ ವಿಷಯ. ಸುಣ್ಣಕಟ್ಟು ರೋಗದ ಬೀಜಕಣ ಹುಳುವಿನ ಬಾಯಿಂದ ಒಳಹೋಗಬೇಕಾಗಿಲ್ಲ, ಮೈಮೇಲೆ ಬಿದ್ದರೆ ಸಾಕು. ತೇವ ಹೆಚ್ಚಿದ್ದರೆ ಮೊಳೆತು, ಕಿಣ್ವಗಳನ್ನು ಸುರಿಸಿ, ತೊಗಲನ್ನು ಕರಗಿಸಿಕೊಂಡು ಒಳಗಿಳಿಯುತ್ತದೆ. ಮಳೆಗಾಲ, ಚಳಿಗಾಲದಲ್ಲಿ ಈ ರೋಗ ಹೆಚ್ಚುವುದು ಅದಕ್ಕೇ. ಹುಳು ನಾಲ್ಕು ಬಾರಿ ಜ್ವರಕ್ಕೆ ಕೂರುತ್ತದೆ, ಅಂದರೆ ಮೇವು ಬಿಟ್ಟು ಹಳೆಯ ಪೊರೆ ಕಳಚುತ್ತದೆ. ಆಗ ಹುಳುವಿನ ಹಾಸಿಗೆ ಒಣಗಿರಲೆಂದು ಸುಣ್ಣ ಉದುರಿಸುತ್ತಾರೆ. ಜ್ವರದಿಂದ ಎದ್ದ ಹುಳುವಿನ ಹೊಸ ತೊಗಲು ಎಳೆಯದು, ಮೆತ್ತಗಿನದು. ಆದ್ದರಿಂದಲೇ ಸೊಪ್ಪು ಕೊಡುವ ಮೊದಲು ಹಾಸಿಗೆಗೆ ಸೋಂಕುನಾಶಕ ಪುಡಿ ಎರಚುವುದು. ತೊಗಲು ಯಾವಾಗ ದುರ್ಬಲ, ಯಾವಾಗ ಬಲ ಎಂಬ ಲೆಕ್ಕ ರೈತನ ದಿನಚರಿಯಲ್ಲೇ ಕೂತಿದೆ.

ನಮ್ಮ ಚರ್ಮವೂ ಪೊರೆ ಬಿಡುತ್ತದೆ. ಹುಳುವಿನಂತೆ ಒಂದೇ ಸಲಕ್ಕೆ ಅಲ್ಲ, ದಿನವೂ ಕಾಣದಷ್ಟು ಸಣ್ಣ ಚಕ್ಕೆಗಳಾಗಿ. ಅಡಿಯ ಪದರದಲ್ಲಿ ಹುಟ್ಟಿದ ಕೋಶ ಮೇಲಕ್ಕೇರುತ್ತಾ, ಚಪ್ಪಟೆಯಾಗುತ್ತಾ, ಸತ್ತು, ಉದುರಿಹೋಗಲು ಸುಮಾರು ನಾಲ್ಕು ವಾರ. ಉದುರುವಾಗ ಮೇಲೆ ಕೂತ ಸೂಕ್ಷ್ಮಜೀವಿಗಳನ್ನೂ ಹೊತ್ತುಕೊಂಡೇ ಉದುರುತ್ತದೆ. ವಯಸ್ಕರ ಮೈಚರ್ಮ ಬಿಡಿಸಿ ಹರಡಿದರೆ ಒಂದೂವರೆಯಿಂದ ಎರಡು ಚದರ ಮೀಟರ್. ಅದರಲ್ಲಿ ರೋಗಾಣುವನ್ನು ನಿಜವಾಗಿ ತಡೆಯುವುದು ತೀರ ಮೇಲಿನ ಸತ್ತ ಪದರ. ಕೂದಲೆಳೆಗಿಂತಲೂ ತೆಳ್ಳಗಿನದು, ಅಂಗೈ ಅಂಗಾಲಿನಲ್ಲಿ ಮಾತ್ರ ದಪ್ಪ. ಸತ್ತ ಕೋಶಗಳು ಇಟ್ಟಿಗೆಯಂತೆ ಜೋಡಿಸಿಕೊಂಡಿರುತ್ತವೆ, ನಡುವೆ ಕೊಬ್ಬಿನ ಅಂಶ ಗಾರೆಯಂತೆ ತುಂಬಿರುತ್ತದೆ. ಆ ಕೊಬ್ಬು ಇರುವವರೆಗೆ ನೀರು ಒಳಗಿನಿಂದ ಆವಿಯಾಗಿ ಹೋಗುವುದಿಲ್ಲ, ರೋಗಾಣು ಹೊರಗಿನಿಂದ ನುಸುಳುವುದಿಲ್ಲ.

ಚರ್ಮದ ಮೇಲ್ಮೈ ಸ್ವಲ್ಪ ಹುಳಿ. ಅದರ ಪಿಎಚ್ 5ರ ಆಸುಪಾಸಿನಲ್ಲಿರುತ್ತದೆ. ರೋಗ ತರುವ ಅನೇಕ ಬ್ಯಾಕ್ಟೀರಿಯಾಗಳಿಗೆ ಈ ಹುಳಿ ಒಗ್ಗುವುದಿಲ್ಲ, ನಮ್ಮೊಡನೆ ಬಾಳುವ ನಿರುಪದ್ರವಿ ಸೂಕ್ಷ್ಮಜೀವಿಗಳಿಗೆ ಒಗ್ಗುತ್ತದೆ. ಬಟ್ಟೆ ಒಗೆಯುವ ಸೋಪಿನ ಪಿಎಚ್ 9–10ರ ಮೇಲೆ. ಮೈಗೂ ಅದನ್ನೇ ತಿಕ್ಕಿದರೆ ಹುಳಿಯೂ ಹೋಗುತ್ತದೆ, ಕೊಬ್ಬಿನ ಅಂಶವೂ ಹೋಗುತ್ತದೆ. ಬೆವರಿನಲ್ಲಿ ಡರ್ಮ್‌ಸಿಡಿನ್ ಎಂಬ ಪ್ರತಿಜೀವಕ ಪದಾರ್ಥ ಇದೆ ಎಂದು 2001ರಲ್ಲಿ ಜರ್ಮನಿಯ ವಿಜ್ಞಾನಿಗಳು ತೋರಿಸಿದರು. ಇಂಥ ಸಣ್ಣ ಪ್ರೋಟೀನುಗಳ ಚರಿತ್ರೆಯಲ್ಲೂ ರೇಷ್ಮೆಯ ಬಳಗದ ಹೆಸರಿದೆ. 1980ರ ಹೊತ್ತಿಗೆ ಸ್ವೀಡನ್ನಿನ ಹಾನ್ಸ್ ಬೋಮನ್ ಮತ್ತು ಸಂಗಡಿಗರು ಸೆಕ್ರೋಪಿಯಾ ಎಂಬ ದೊಡ್ಡ ಕಾಡುರೇಷ್ಮೆ ಪತಂಗದ ಕೋಶಾವಸ್ಥೆಯ ಹುಳುವಿಗೆ ಬ್ಯಾಕ್ಟೀರಿಯಾ ಚುಚ್ಚಿ, ಅದರ ರಕ್ತದಲ್ಲಿ ಬ್ಯಾಕ್ಟೀರಿಯಾವನ್ನು ಸೀಳಿ ಕೊಲ್ಲುವ ಸೆಕ್ರೋಪಿನ್‌ಗಳನ್ನು ಬೇರ್ಪಡಿಸಿದರು. ಅದೇ ಕೆಲಸ ಮಾಡುವ ಬೇರೆ ಪ್ರೋಟೀನುಗಳು ಮನುಷ್ಯರ ಚರ್ಮದಲ್ಲೂ ಕರುಳಿನಲ್ಲೂ ಸಿಕ್ಕಿದವು.

ಈಗ ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಘಟಕವೊಂದರಲ್ಲಿ ಬೇಸಿನ್ನಿನ ಮುಂದೆ ಕೂತ ಹೆಣ್ಣುಮಗಳ ಕೈ ನೋಡಿ. ಗೂಡನ್ನು ಮೊದಲು ಕುದಿನೀರಿನಲ್ಲಿ ಬೇಯಿಸುತ್ತಾರೆ. ಎಳೆಗಳನ್ನು ಅಂಟಿಸಿ ಹಿಡಿದಿರುವ ಸೆರಿಸಿನ್ ಎಂಬ ಅಂಟು ಮೆತ್ತಗಾದರೆ ಮಾತ್ರ ತುದಿ ಸಿಗುತ್ತದೆ. ರೇಷ್ಮೆಯಲ್ಲಿ ಕಾಲುಭಾಗದಷ್ಟು ಈ ಅಂಟೇ. ಬೇಸಿನ್ನಿನ ಬಿಸಿನೀರಿನಲ್ಲಿ ತೇಲುವ ಗೂಡುಗಳ ಎಳೆಯನ್ನು ಬೆರಳಲ್ಲಿ ಹುಡುಕಿ, ಹಿಡಿದು, ಓಡುತ್ತಿರುವ ನೂಲಿಗೆ ಸೇರಿಸಬೇಕು. ಬೆಳಗಿನಿಂದ ಸಂಜೆಯವರೆಗೆ ಕೈ ನೀರಿನಲ್ಲೇ. ಬೆರಳ ತುದಿ ಬಿಳಿಚಿ, ಸುಕ್ಕುಗಟ್ಟಿ, ಪದರ ಎದ್ದಿರುತ್ತದೆ. ಉಗುರಿನ ಬುಡ ಊದಿ, ಉಗುರಿಗೂ ಮಾಂಸಕ್ಕೂ ಇರುವ ಬೆಸುಗೆ ಬಿಟ್ಟಿರುತ್ತದೆ. ಬೆರಳ ಸಂದಿಯಲ್ಲಿ ಕೆಂಪು ಬಿರುಕು. ರಾತ್ರಿ ಖಾರದ ಸಾರು ಕಲೆಸಿ ತುತ್ತು ಮಾಡುವಾಗ ಉರಿ.

ಆ ಕೈಗೆ ಆಗಿರುವುದು ಇಷ್ಟು. ಬಿಸಿನೀರು ಚರ್ಮದ ಕೊಬ್ಬನ್ನು ತೊಳೆದುಹಾಕಿದೆ. ಸತ್ತ ಕೋಶಗಳು ನೀರು ಕುಡಿದು ಉಬ್ಬಿ ಒಂದರಿಂದ ಒಂದು ಬಿಟ್ಟುಕೊಂಡಿವೆ. ಉಗುರಿನ ಬುಡದ ತೆಳುಪೊರೆ, ಆ ಸಂದಿಯನ್ನು ಮುಚ್ಚುವ ಒಂದೇ ಒಂದು ಪೊರೆ, ಕಿತ್ತುಹೋಗಿದೆ. ಅಲ್ಲಿ ಯೀಸ್ಟು, ಬ್ಯಾಕ್ಟೀರಿಯಾ ಸೇರಿ ಉಗುರುಸುತ್ತು ಆಗುತ್ತದೆ. ಹೀಗೆ ಬಂದ ಉಗುರುಸುತ್ತಿಗೆ ಮಾತ್ರೆ ನುಂಗಿ ಮರುದಿನ ಮತ್ತೆ ಬೇಸಿನ್ನಿಗೆ ಕೈ ಹಾಕಿದರೆ ವಾಸಿಯಾಗುವುದಿಲ್ಲ. ಒಣಗಲು ಬಿಟ್ಟರೆ ಅರ್ಧ ಕಾಯಿಲೆ ಹೋಗುತ್ತದೆ. ಕೈಗವಸು ಹಾಕಿದರೆ ಎಳೆ ಬೆರಳಿಗೆ ಗೊತ್ತಾಗುವುದಿಲ್ಲ ಎನ್ನುತ್ತಾರೆ, ಅದು ಸುಳ್ಳಲ್ಲ. ಆದರೆ ಗೂಡು ಬೇಯಿಸುವಾಗ, ಗೂಡು ಸೋಸುವಾಗ, ಹುಳು ತೆಗೆದು ಬಳಿಯುವಾಗ ಎಳೆ ಹಿಡಿಯುವ ಕೆಲಸವಿಲ್ಲ. ಆಗಲಾದರೂ ಕೈಗವಸು ಹಾಕಬಹುದು. ಊಟದ ಬಿಡುವಿಗೆ ಎದ್ದಾಗ ಕೈಯನ್ನು ಒಣ ಬಟ್ಟೆಯಲ್ಲಿ ಬೆರಳ ಸಂದಿವರೆಗೆ ಒರೆಸಿ, ಕೆಲಸ ಮುಗಿದ ಮೇಲೆ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿದರೆ ಕಳೆದುಹೋದ ಕೊಬ್ಬಿನ ಸ್ಥಾನವನ್ನು ಅದು ತಕ್ಕಮಟ್ಟಿಗೆ ತುಂಬುತ್ತದೆ. ನಮ್ಮ ಕಡೆಯ ಅಜ್ಜಿಯರು ಎಣ್ಣೆ ಹಚ್ಚು ಎಂದು ಹೇಳುತ್ತಿದ್ದುದರಲ್ಲಿ ಸತ್ವವಿತ್ತು. ಢಾಕಾದ ಮಕ್ಕಳ ಆಸ್ಪತ್ರೆಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಮೈಗೆ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಆಸ್ಪತ್ರೆಯಲ್ಲಿ ತಗಲುವ ಸೋಂಕು ಶೇ 41ರಷ್ಟು ಕಡಿಮೆಯಾಯಿತು ಎಂದು 2005ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ಶಿಶುವಿನ ಮಾತು ಬಂತು. ಆಗತಾನೇ ಹುಟ್ಟಿದ ಮಗುವಿನ ಮೈಮೇಲೆ ಬೆಣ್ಣೆಯಂಥ ಬಿಳಿ ಲೇಪ ಇರುತ್ತದೆ. ಅದನ್ನು ಕೊಳೆ ಎಂದು ಕಡಲೆಹಿಟ್ಟು ಹಾಕಿ ತಿಕ್ಕುವ ಆತುರ ಬೇಡ. ಅದರಲ್ಲಿ ಕೊಬ್ಬೂ ಇದೆ, ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನುಗಳೂ ಇವೆ. ಹುಟ್ಟಿ 24 ಗಂಟೆಯಾಗುವವರೆಗೆ ಸ್ನಾನ ಮಾಡಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಕ್ಕುಳಬಳ್ಳಿಗೆ ಸಗಣಿ, ಬೂದಿ ಏನನ್ನೂ ಹಚ್ಚಬಾರದು. ಅದು ಒಣಗಿ ತಾನೇ ಬೀಳಬೇಕು. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಕಣ ಸಗಣಿಯಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ತೊಗಲು ಇಡಿಯಾಗಿದ್ದರೆ ಅದು ಏನೂ ಮಾಡಲಾರದು. ಗಾಯವೊಂದು ಬೇಕು. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ 2015ರಲ್ಲಿ ನಿವಾರಿಸಿದ್ದು ಲಸಿಕೆಯಿಂದ, ಶುದ್ಧ ಹೆರಿಗೆಯಿಂದ. ದೊಡ್ಡವರ ಬಿರಿದ ಹಿಮ್ಮಡಿ, ಮೊಳೆ ತುಳಿದ ಅಂಗಾಲು ಈಗಲೂ ತೆರೆದೇ ಇವೆ.

ಹುಳುಕಡ್ಡಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಇದು ಈಗ ಮನೆಮನೆಯ ಸಂಕಟ. ಇದೂ ಶಿಲೀಂಧ್ರವೇ. ಆದರೆ ರೇಷ್ಮೆಹುಳುವನ್ನು ಕೊಲ್ಲುವಂತೆ ಇದು ನಮ್ಮನ್ನು ಕೊಲ್ಲುವುದಿಲ್ಲ, ಮೇಲಿನ ಸತ್ತ ಪದರದಲ್ಲೇ ತಿಂದುಕೊಂಡಿರುತ್ತದೆ. ಅದಕ್ಕೆ ಒಂದು ಮುಖ್ಯ ಕಾರಣ ನಮ್ಮ ಮೈಯ ಬಿಸಿ. 37 ಡಿಗ್ರಿಯ ಒಳಮೈಯಲ್ಲಿ ಬಹುಪಾಲು ಶಿಲೀಂಧ್ರಗಳಿಗೆ ಬೆಳೆಯಲಾಗುವುದಿಲ್ಲ. ತಣ್ಣನೆ ರಕ್ತದ ಹುಳುವಿಗೆ ಆ ರಕ್ಷಣೆ ಇಲ್ಲ. ಇಷ್ಟು ಅನುಕೂಲವಿದ್ದೂ ನಾವು ಸೋಲುತ್ತಿರುವುದು ಟ್ಯೂಬಿನಿಂದ. ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಹಲವು ಮುಲಾಮುಗಳಲ್ಲಿ ಶಿಲೀಂಧ್ರನಾಶಕದ ಜೊತೆ ಬಲವಾದ ಸ್ಟೀರಾಯ್ಡ್ ಇರುತ್ತದೆ. ಸ್ಟೀರಾಯ್ಡ್ ಎರಡು ದಿನದಲ್ಲಿ ತುರಿಕೆ ನಿಲ್ಲಿಸುತ್ತದೆ, ಆದರೆ ಚರ್ಮದ ರೋಗನಿರೋಧವನ್ನೂ ಕುಗ್ಗಿಸುತ್ತದೆ, ಚರ್ಮವನ್ನೂ ತೆಳ್ಳಗೆ ಮಾಡುತ್ತದೆ. ಒಳಗೊಳಗೇ ಹುಳುಕಡ್ಡಿ ಹರಡುತ್ತದೆ. ಔಷಧಿಗೆ ಬಗ್ಗದ ಹೊಸ ಬಗೆಯೊಂದು ನಮ್ಮ ದೇಶದಲ್ಲಿ ವ್ಯಾಪಕವಾಗಿದ್ದು, ಅದಕ್ಕೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೇ ಎಂದು ಭಾರತದ ಹೆಸರು ಸೇರಿಸಿಯೇ ನಾಮಕರಣವಾಯಿತು. ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಅಂಗಡಿ ಕಟ್ಟೆಯಲ್ಲಿ ಆ ನಿಯಮ ಇನ್ನೂ ಬಿಗಿಯಾಗಿಲ್ಲ. ಹಾಸಿಗೆ ಒಣಗಿರಬೇಕು, ಹುಳು ಒತ್ತೊತ್ತಾಗಿ ಇರಬಾರದು, ಗಾಳಿ ಆಡಬೇಕು ಎಂದು ಹುಳುಮನೆಯಲ್ಲಿ ಪಾಲಿಸುವ ಮೂರು ಮಾತು ಹುಳುಕಡ್ಡಿಗೂ ಸಲ್ಲುತ್ತವೆ: ಮೈ ಒಣಗಿರಲಿ, ಬಟ್ಟೆ ಸಡಿಲವಿರಲಿ, ಟವೆಲು ಒಬ್ಬರದು ಇನ್ನೊಬ್ಬರು ಬಳಸುವುದು ಬೇಡ.

ತೊಗಲಿಗೆ ತೂತು ಮಾಡಿಯೇ ಒಳಬರುವ ಶತ್ರುವೂ ಇದೆ. ಊಜಿ ನೊಣ ಕರ್ನಾಟಕಕ್ಕೆ ಬಂದದ್ದು 1980ರಲ್ಲಿ. ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಎರಡು ಮೂರು ದಿನಕ್ಕೆ ಮರಿ ಹೊರಬಂದು ತೊಗಲು ಕೊರೆದು ಒಳಸೇರುತ್ತದೆ. ಹೊಕ್ಕ ಜಾಗದಲ್ಲಿ ಕಪ್ಪು ಚುಕ್ಕಿ ಉಳಿಯುತ್ತದೆ. ಕಿಟಕಿಗಳಿಗೆ ಪರದೆ ಬಂದದ್ದು ಆಮೇಲೆಯೇ. ನಮ್ಮ ಊಜಿ ಎಂದರೆ ಸೊಳ್ಳೆ. ಎಷ್ಟೇ ಗಟ್ಟಿ ತೊಗಲಿರಲಿ, ಅದರ ಸೂಜಿಗೆ ಲೆಕ್ಕವಿಲ್ಲ. ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಸಂಗ್ರಹಿಸಿದ ಸೊಳ್ಳೆಗಳಲ್ಲಿ ಝೀಕಾ ವೈರಸ್ ಪತ್ತೆಯಾದದ್ದು 2023ರಲ್ಲಿ. ಆಗ ಸುತ್ತಲ ಹಳ್ಳಿಗಳಲ್ಲಿ ಆರೋಗ್ಯ ಇಲಾಖೆಯವರು ಮನೆಮನೆ ಸುತ್ತಿದರು. ಹುಳುಮನೆಯ ಕಿಟಕಿಗೆ ಪರದೆ ಕಟ್ಟಿದ ಮನೆಯಲ್ಲಿ ಮಗು ಮಲಗುವ ಕೋಣೆಯ ಕಿಟಕಿ ಬೋಳಾಗಿರುವುದನ್ನು ನೋಡಿದಾಗ ಸಂಕಟವಾಗುತ್ತದೆ. ಒಂದು ಕಿಟಕಿಗೆ ಎರಡು ಮೀಟರ್ ಪರದೆ ಸಾಕು.

ಉಸಿರಿನ ದಾರಿಗೆ ಬರೋಣ. ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ನಮ್ಮೊಳಗೆ ಹೋಗಿ ಬರುತ್ತದೆ. ಮೂಗಿನ ಕೂದಲು ದಪ್ಪ ದೂಳನ್ನು ಹಿಡಿಯುತ್ತದೆ, ಸಣ್ಣ ಕಣಗಳು ಲೋಳೆಗೆ ಅಂಟುತ್ತವೆ. ಶ್ವಾಸನಾಳದ ಒಳಮೈಯಲ್ಲಿ ಕಣ್ಣಿಗೆ ಕಾಣದ ಕೂದಲಿನಂಥ ರಚನೆಗಳು ಸೆಕೆಂಡಿಗೆ 10ರಿಂದ 20 ಬಾರಿ ಮೇಲ್ಮುಖವಾಗಿ ಬೀಸುತ್ತಾ ಆ ಲೋಳೆಯನ್ನು ಗಂಟಲಿಗೆ ತಳ್ಳುತ್ತವೆ. ನಮಗೆ ಗೊತ್ತಿಲ್ಲದೆಯೇ ಅದನ್ನು ನುಂಗುತ್ತಿರುತ್ತೇವೆ, ಹೊಟ್ಟೆಯ ಆಮ್ಲ ಅದರ ಕಥೆ ಮುಗಿಸುತ್ತದೆ. ಸಿಂಬಳಕ್ಕೆ ಅಸಹ್ಯಪಡುವವರು ಅಲೆಕ್ಸಾಂಡರ್ ಫ್ಲೆಮಿಂಗ್‌ರನ್ನು ನೆನೆಯಬೇಕು. ಪೆನಿಸಿಲಿನ್‌ಗೆ ಹಲವು ವರ್ಷ ಮೊದಲು, 1921ರಲ್ಲಿ, ನೆಗಡಿಯಾಗಿದ್ದ ಅವರು ತಮ್ಮ ಸಿಂಬಳವನ್ನೇ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಗೆ ಹಾಕಿ, ಅದರ ಸುತ್ತ ಬ್ಯಾಕ್ಟೀರಿಯಾ ಕರಗಿದ್ದನ್ನು ಕಂಡರು. ಹಾಗೆ ಕರಗಿಸಿದ ಪದಾರ್ಥಕ್ಕೆ ಲೈಸೋಜೈಮ್ ಎಂದು ಹೆಸರಾಯಿತು. ಅದು ಕಣ್ಣೀರಿನಲ್ಲಿದೆ, ಎಂಜಲಿನಲ್ಲಿದೆ, ಎದೆಹಾಲಿನಲ್ಲಿದೆ. ರೇಷ್ಮೆಹುಳುವಿನ ರಕ್ತದಲ್ಲೂ ಇದೆ.

ಬೀಸುವ ಆ ಕೂದಲುಗಳ ದೊಡ್ಡ ವೈರಿ ಹೊಗೆ. ಬೀಡಿ ಸಿಗರೇಟಿನ ಹೊಗೆ ಅವನ್ನು ಮರಗಟ್ಟಿಸುತ್ತದೆ, ವರ್ಷಗಟ್ಟಲೆ ಸೇದಿದರೆ ಉದುರಿಸುತ್ತದೆ. ಸೌದೆ ಒಲೆಯ ಮುಂದೆ ಗಂಟೆಗಟ್ಟಲೆ ಕೂರುವವರ ಶ್ವಾಸಕೋಶದ ಪಾಡೂ ಅದರ ಹತ್ತಿರವೇ. ಬಿಚ್ಚಾಣಿಕೆ ಘಟಕಗಳಲ್ಲಿ ಸೌದೆ ಉರಿಯ ಹೊಗೆ, ಬೇಯುವ ಗೂಡಿನ ಆವಿ, ಒಣಗಿದ ಪ್ಯೂಪದ ದೂಳು ಒಟ್ಟಿಗೇ ಸೇರುತ್ತವೆ. ಬಿತ್ತನೆ ಕೋಠಿಗಳಲ್ಲಿ ಚಿಟ್ಟೆಯ ರೆಕ್ಕೆಯ ಪುಡಿ. ಇವುಗಳಲ್ಲಿರುವ ಪ್ರೋಟೀನುಗಳು ಕೆಲವರಿಗೆ ಅಲರ್ಜಿ ತಂದು ಉಬ್ಬಸವಾಗಿ ನಿಲ್ಲುತ್ತವೆ. ವಾರವೆಲ್ಲ ಕೆಮ್ಮಿ, ರಜೆಯ ದಿನ ಆರಾಮಾಗಿದ್ದು, ಕೆಲಸಕ್ಕೆ ಹೋದ ಕೂಡಲೇ ಮತ್ತೆ ಕೆಮ್ಮು ಎನ್ನುವವರು ಅದನ್ನು ಡಾಕ್ಟರಿಗೆ ಹಾಗೆಯೇ ಹೇಳಬೇಕು, ಯಾವ ಕೆಲಸ ಎಂಬುದನ್ನೂ ಸೇರಿಸಿ. ಚೀಟಿ ಬರೆಯುವವರಿಗೆ ಅದು ತಿಳಿಯದಿದ್ದರೆ ಕೆಮ್ಮಿನ ಸಿರಪ್ಪಿನಲ್ಲೇ ವರ್ಷ ಕಳೆಯುತ್ತದೆ. ಎರಡು ವಾರಕ್ಕಿಂತ ಹೆಚ್ಚು ದಿನದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಕ್ಷಯವೂ ಇದೇ ದಾರಿಯಿಂದ ಬರುತ್ತದೆ.

ಹೊಟ್ಟೆಯ ವಿಷಯಕ್ಕೆ ಬಂದರೆ ಹುಳುವಿನದು ಒಂದು ದಾರಿ, ನಮ್ಮದು ಅದಕ್ಕೆ ಎದುರು ದಾರಿ. ರೇಷ್ಮೆಹುಳುವಿನ ಜೀರ್ಣರಸ ತೀವ್ರ ಕ್ಷಾರ, ಪಿಎಚ್ 10ರ ಹತ್ತಿರ. ನಮ್ಮ ಜಠರರಸ ತೀವ್ರ ಆಮ್ಲ, ಪಿಎಚ್ 1.5ರಿಂದ 3.5. ಎರಡರಲ್ಲೂ ಬಹುಪಾಲು ಸೂಕ್ಷ್ಮಜೀವಿಗಳು ಬದುಕಲಾರವು. ಹುಳುವಿಗೆ ಒದ್ದೆ ಸೊಪ್ಪು, ಬಾಡಿದ ಸೊಪ್ಪು, ದೂಳು ಕೂತ ಸೊಪ್ಪು ಹಾಕಿದರೆ ಜೀರ್ಣ ಕೆಟ್ಟು, ಬ್ಯಾಕ್ಟೀರಿಯಾ ಹೆಚ್ಚಿ ಸಪ್ಪೆ ರೋಗ ಬರುತ್ತದೆ. ಹಾಲುತೊಂಡೆ ರೋಗದ ವೈರಸ್ ಇನ್ನೂ ಚಾಲಾಕಿ. ಅದು ಪ್ರೋಟೀನಿನ ಹರಳಿನೊಳಗೆ ಅಡಗಿ ಸೊಪ್ಪಿನ ಜೊತೆ ಹೊಟ್ಟೆ ಸೇರುತ್ತದೆ. ಆ ಹರಳು ಕ್ಷಾರದಲ್ಲಿ ಕರಗುತ್ತದೆ. ಹುಳುವನ್ನು ಕಾಯಬೇಕಾದ ರಸವೇ ವೈರಸ್ಸನ್ನು ಬಿಡುಗಡೆ ಮಾಡುತ್ತದೆ. ನಮ್ಮಲ್ಲೂ ಅಂಥದೊಂದಿದೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ತನ್ನ ಸುತ್ತ ಅಮೋನಿಯಾ ಮಾಡಿಕೊಂಡು ಆಮ್ಲವನ್ನು ತಣಿಸಿ, ಜಠರದಲ್ಲೇ ಮನೆ ಮಾಡುತ್ತದೆ. ಅಲ್ಸರಿಗೆ ಬಹುಮಟ್ಟಿಗೆ ಕಾರಣ ಅದು.

ಈ ಆಮ್ಲದ ಬೆಲೆ ನಮಗೆ ಗೊತ್ತಿಲ್ಲ. ಪ್ರಯೋಗಕ್ಕೆ ಒಪ್ಪಿದ ಆರೋಗ್ಯವಂತ ಸ್ವಯಂಸೇವಕರಲ್ಲಿ ಕಾಲರಾ ಬರಿಸಲು ಹತ್ತು ಕೋಟಿಯಷ್ಟು ಬ್ಯಾಕ್ಟೀರಿಯಾ ಬೇಕಾಯಿತು. ಸೋಡಾ ಕುಡಿಸಿ ಆಮ್ಲ ತಣಿಸಿದಾಗ ಅದಕ್ಕಿಂತ ಎಷ್ಟೋ ಪಾಲು ಕಡಿಮೆಯೇ ಸಾಕಾಯಿತು. ಹೀಗಿರುವಾಗ ಗ್ಯಾಸು, ಎದೆಯುರಿ ಎಂದು ಆಮ್ಲ ಕುಗ್ಗಿಸುವ ಮಾತ್ರೆಯನ್ನು ಬೆಳಗಿನ ಕಾಫಿಯಷ್ಟೇ ಸಲೀಸಾಗಿ ವರ್ಷಾನುಗಟ್ಟಲೆ ನುಂಗುವುದು ಸರಿಯಲ್ಲ. ಬೇಕಾದವರಿಗೆ ಅದು ಬೇಕು, ವೈದ್ಯರು ಹೇಳಿದಷ್ಟು ದಿನ. ಸುಮ್ಮನೆ ನುಂಗುವವರಿಗೆ ಕರುಳಿನ ಸೋಂಕಿನ ಅಪಾಯ ಹೆಚ್ಚು.

ಜಠರ ದಾಟಿದರೆ ಕರುಳು. ಅದರ ಒಳಮೈ ಸುಮಾರು 30 ಚದರ ಮೀಟರ್, ಚರ್ಮಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ತಡೆಯಾಗಿರುವುದು ಮಾತ್ರ ಒಂದೇ ಒಂದು ಸಾಲಿನ ಕೋಶಗಳು. ಮೂರರಿಂದ ಐದು ದಿನಕ್ಕೊಮ್ಮೆ ಅವು ಹೊಸದಾಗುತ್ತವೆ, ಮೇಲೆ ಲೋಳೆಯ ಹೊದಿಕೆ. ಹುಳುವಿನ ಕರುಳಲ್ಲಿ ತಿಂದ ಸೊಪ್ಪನ್ನು ಸುತ್ತುವರಿದ ತೆಳುಪೊರೆ ಇದೇ ಕೆಲಸ ಮಾಡುತ್ತದೆ. ಕರುಳಿನಲ್ಲಿ ವಾಸವಾಗಿರುವ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳು ಜಾಗ ಹಿಡಿದು, ಊಟ ಹಂಚಿಕೊಂಡು, ಹೊರಗಿನಿಂದ ಬಂದವಕ್ಕೆ ನೆಲೆ ಕೊಡುವುದಿಲ್ಲ. ಶೀತಕ್ಕೂ ಭೇದಿಗೂ ಆ್ಯಂಟಿಬಯಾಟಿಕ್ ನುಂಗಿದರೆ ಸಾಯುವುದು ಇವೇ ಮೊದಲು. ಹೆಣ್ಣುಮಕ್ಕಳ ಜನನಾಂಗದಲ್ಲೂ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಆಮ್ಲ ಮಾಡುತ್ತಾ ರೋಗಾಣುಗಳನ್ನು ದೂರ ಇಡುತ್ತವೆ. ಅಲ್ಲಿ ಒಳಗೆ ಸೋಪು, ಡೆಟ್ಟಾಲ್ ಹಾಕಿ ತೊಳೆಯುವುದು ಸ್ವಚ್ಛತೆಯಲ್ಲ, ಆ ರಕ್ಷಣೆಯನ್ನು ಕೈಯಾರೆ ಕೆಡಿಸುವುದು. ಹೊರಗೆ ಬರೀ ನೀರು ಸಾಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವೆಂದೇ ಇಲ್ಲಿ ಬರೆಯುತ್ತಿದ್ದೇನೆ.

ಇನ್ನೊಂದು ಮಾತು ಹೇಳಲೇಬೇಕು. ಹುಳುವನ್ನು ಉಳಿಸುವ ಔಷಧಿಗಳೇ ನಮ್ಮ ತಡೆಗಳನ್ನು ಸುಡುತ್ತವೆ. ಫಾರ್ಮಾಲಿನ್ ಕಣ್ಣು, ಮೂಗು, ಗಂಟಲಿನ ಒಳಪೊರೆಯನ್ನು ಕೆರಳಿಸುತ್ತದೆ; ಅದರಿಂದ ಹೊಮ್ಮುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪಟ್ಟಿ ಮಾಡಿದೆ. ಬ್ಲೀಚಿಂಗ್ ಪುಡಿಯ ಗಾಟು ಶ್ವಾಸನಾಳವನ್ನು ಸುಡುತ್ತದೆ. ಸುಣ್ಣ ಒದ್ದೆ ಚರ್ಮದ ಮೇಲೆ ಬಿದ್ದರೆ ಅದರ ಹುಳಿಯನ್ನೂ ಕೊಬ್ಬನ್ನೂ ಒಟ್ಟಿಗೇ ತೆಗೆಯುತ್ತದೆ, ಗಾಯಕ್ಕೆ ಹಚ್ಚಿದರೆ ಗಾಯ ಆಳವಾಗುತ್ತದೆ. ಹುಳುಮನೆಗೆ ಔಷಧಿ ಹೊಡೆಯುವ ದಿನ ಬರಿಮೈಯಲ್ಲಿ, ಬಾಯಿಗೆ ಟವೆಲು ಕಟ್ಟಿಕೊಂಡು ಹೋಗುವುದು ರೂಢಿ. ಟವೆಲು ಅನಿಲವನ್ನು ತಡೆಯುವುದಿಲ್ಲ. ತುಂಬುತೋಳಿನ ಅಂಗಿ, ರಬ್ಬರ್ ಕೈಗವಸು, ಕನ್ನಡಕ, ಅನಿಲ ತಡೆಯುವ ಮಾಸ್ಕ್ ಬೇಕು. ಬಸುರಿಯರು, ಮಕ್ಕಳು ಆ ದಿನ ಅತ್ತ ಸುಳಿಯಲೇಬಾರದು.

ರೇಷ್ಮೆ ಇಲಾಖೆಯವರು, ಚಿಂತಾಮಣಿ ಬಳಿ ಕುರುಬೂರಿನ ರೇಷ್ಮೆ ಕೃಷಿ ಮಹಾವಿದ್ಯಾಲಯದವರು ರೈತರಿಗೆ ಹುಳುವಿನ ಕಾಯಿಲೆಗಳ ಬಗ್ಗೆ ಎಷ್ಟೋ ತಿಳಿವಳಿಕೆ ಕೊಟ್ಟಿದ್ದಾರೆ. ಅವರಲ್ಲಿ ನನ್ನ ಕೋರಿಕೆ ಒಂದೇ: ಪ್ರತಿ ತರಬೇತಿಯಲ್ಲೂ ಒಂದು ತಾಸನ್ನು ಹುಳು ಸಾಕುವವರ, ನೂಲು ಬಿಚ್ಚುವವರ ಚರ್ಮ ಮತ್ತು ಉಸಿರಿಗೆ ಮೀಸಲಿಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕರೆಸಿ ಮಾತಾಡಿಸಿ. ಬಿಚ್ಚಾಣಿಕೆ ಘಟಕದ ಮಾಲೀಕರು ಹೊಗೆ ಹೊರಹೋಗುವ ಚಿಮಣಿ, ಒಣ ಬಟ್ಟೆ, ಒಂದು ಡಬ್ಬಿ ಎಣ್ಣೆ ಇಷ್ಟನ್ನಾದರೂ ಇಡಲಿ. ಓದುವವರಿಗೂ ಒಂದು ಮಾತು. ಮಣ್ಣು ತಗುಲಿದ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಕಾಫಿಪುಡಿ ಬೇಡ, ಸುಣ್ಣ ಬೇಡ. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಐದು ವರ್ಷ ಮೀರಿದ್ದರೆ, ಅಥವಾ ಯಾವಾಗ ಹಾಕಿಸಿದ್ದು ಎಂಬುದೇ ನೆನಪಿಲ್ಲದಿದ್ದರೆ, ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿ.